ಸೊರಾರಿಟಿಗಳಲ್ಲಿ ಇನ್ನೂ ಬಣ್ಣದ ಗೋಡೆ ಇದೆಯಾ?

ಮಗಳು ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಹೊರಟಿದ್ದಾಳೆ, ಅಲ್ಲಿನ ಸೊರಾರಿಟಿಗಳಲ್ಲಿ, ಅಂದರೆ ವಿದ್ಯಾರ್ಥಿನಿಯರ ಸಂಘಗಳಲ್ಲಿ, ಬಿಳಿಯರು, ಕಪ್ಪು ಜನರು ಈಗಲೂ ಬೇರೆ ಬೇರೆನಾ ಅಂತ ಕೇಳಿದ್ದೀರಿ. ನಿಯಮದಲ್ಲಿ ಇಲ್ಲ. ರೂಢಿಯಲ್ಲಿ ಬಹುಮಟ್ಟಿಗೆ ಹೌದು.

2013ರಲ್ಲಿ ಅಲ್ಲೇ ದೊಡ್ಡ ಗಲಾಟೆ ಆಗಿತ್ತು. ಚೆನ್ನಾಗಿ ಓದುವ ಕಪ್ಪು ಹುಡುಗಿಯೊಬ್ಬಳನ್ನು ಸೊರಾರಿಟಿಗೆ ಸೇರಿಸಿಕೊಳ್ಳಲು ಸದಸ್ಯೆಯರಿಗೆ ಮನಸ್ಸಿತ್ತು. ಅಡ್ಡ ಬಂದವರು ಓದು ಮುಗಿಸಿದ್ದ ಹಳೆಯ ಸದಸ್ಯೆಯರು ಅಂತ ವಿದ್ಯಾರ್ಥಿಗಳದೇ ಪತ್ರಿಕೆ ‘ಕ್ರಿಮ್ಸನ್ ವೈಟ್’ ಬಯಲು ಮಾಡಿತು. ವಿದ್ಯಾರ್ಥಿಗಳು ಮೆರವಣಿಗೆ ಹೊರಟರು. ಆಡಳಿತ ಸೇರ್ಪಡೆಯನ್ನು ಮತ್ತೆ ತೆರೆಸಿತು, ಕೆಲವು ಕಪ್ಪು ಹುಡುಗಿಯರು ಒಳಗೆ ಬಂದರು. ಮಕ್ಕಳು ಒಪ್ಪಿದರೂ ಹಿರಿಯರು ಒಪ್ಪದ ಕಥೆ ನಮಗೇನು ಹೊಸದೇ?

ಹಾಗಂತ ಕಪ್ಪು ಜನರ ಪ್ರತ್ಯೇಕ ಸಂಘಗಳನ್ನು ಕೀಳಾಗಿ ನೋಡಬೇಡಿ. ಬಾಗಿಲು ಮುಚ್ಚಿದ್ದ ಕಾಲದಲ್ಲಿ ಕಪ್ಪು ವಿದ್ಯಾರ್ಥಿಗಳು ತಮ್ಮದೇ ಸಂಘ ಕಟ್ಟಿಕೊಂಡರು. 1906ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಹುಡುಗರ ಸಂಘ ಆಲ್ಫಾ ಫೈ ಆಲ್ಫಾ, 1908ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಹುಡುಗಿಯರ ಸಂಘ ಆಲ್ಫಾ ಕಪ್ಪಾ ಆಲ್ಫಾ. ತಾಯಿಯ ಕಡೆಯಿಂದ ನಮ್ಮ ಚೆನ್ನೈ ಮೂಲದವರಾದ, ಅಮೆರಿಕದ ಮಾಜಿ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಈ ಆಲ್ಫಾ ಕಪ್ಪಾ ಆಲ್ಫಾದ ಸದಸ್ಯೆ. ದಕ್ಷಿಣ ಏಷ್ಯಾದವರ ಸಂಘಗಳೂ 1990ರ ದಶಕದಿಂದ ಕೆಲವು ಕ್ಯಾಂಪಸ್‌ಗಳಲ್ಲಿ ಇವೆ.

ನನ್ನ ಪ್ರಕಾರ ಬಣ್ಣದಷ್ಟೇ ದುಡ್ಡೂ ಗೋಡೆ. ಶುಲ್ಕ, ಬಟ್ಟೆ, ಪಾರ್ಟಿ ಸೇರಿ ವರ್ಷಕ್ಕೆ ಸಾವಿರಾರು ಡಾಲರ್ ಆಗುತ್ತದೆ. ಹೊಸ ಸದಸ್ಯೆಯರ ಮುಖ್ಯ ಆಯ್ಕೆ ಅಲಬಾಮಾದಲ್ಲಿ ಆಗಸ್ಟ್‌ನಲ್ಲಿ, ಕ್ಲಾಸ್ ಶುರುವಾಗುವ ಹೊತ್ತಿಗೇ ನಡೆಯುತ್ತದೆ. ಖರ್ಚಿನ ಪಟ್ಟಿಯನ್ನು ಈಗಲೇ ಕೇಳಿ ತರಿಸಿಕೊಳ್ಳಿ.