ಬುದ್ಧನಿಂದ ಅಶೋಕನಿಗೆ ಒಂದೇ ಜಿಗಿತ

ನಮಸ್ಕಾರ.

ಬೌದ್ಧಧರ್ಮದ ಹುಟ್ಟು ಮತ್ತು ಬೆಳವಣಿಗೆ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಎರಡು ಸಾಲಿನ ವಿಷಾದ ಪತ್ರ ಕಳಿಸಿ ಸುಮ್ನೆ ಇರಲು ಮನಸ್ಸು ಬರಲಿಲ್ಲ. ಈ ವಿಷಯದ ಮೇಲೆ ನಿಮಗಿರುವ ಪ್ರೀತಿ ಪ್ರತಿ ಪುಟದಲ್ಲೂ ಕಾಣುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಒಟ್ಟು ಹನ್ನೊಂದು ಪುಟ. ಮೊದಲ ಆರರಲ್ಲಿ ಅರಮನೆ, ನಾಲ್ಕು ದೃಶ್ಯಗಳು (ಮುದುಕ, ರೋಗಿ, ಹೆಣ, ಸನ್ಯಾಸಿ), ಮನೆ ಬಿಡುವ ನಡುರಾತ್ರಿ, ನಿದ್ದೆಯಲ್ಲಿರುವ ಯಶೋಧರೆ, ಕುದುರೆ ಕಂಥಕ. ಮುಂದಿನ ಎರಡರಲ್ಲಿ ಬೋಧಿವೃಕ್ಷ, ಸಾರನಾಥ, ಕುಶಿನಗರ. ಒಂಬತ್ತನೇ ಪುಟ ತಿರುವಿದರೆ ಕಳಿಂಗ ಯುದ್ಧ ಬಂದೇ ಬಿಡುತ್ತದೆ. ಬುದ್ಧ ತೀರಿಕೊಂಡದ್ದು ಕ್ರಿ.ಪೂ. 483ರ ಸುಮಾರಿಗೆ ಎಂದು ಒಂದು ಲೆಕ್ಕ, ಕ್ರಿ.ಪೂ. 400ರ ಆಸುಪಾಸು ಎಂದು ಇನ್ನೊಂದು ಲೆಕ್ಕ. ಅಶೋಕ ಪಟ್ಟಕ್ಕೆ ಬಂದದ್ದು ಕ್ರಿ.ಪೂ. 268ರ ಹೊತ್ತಿಗೆ. ಯಾವ ಲೆಕ್ಕ ಹಿಡಿದರೂ ನಡುವೆ ನೂರಕ್ಕಿಂತ ಜಾಸ್ತಿ ವರ್ಷ ಉಳಿಯುತ್ತದೆ. ಮರದ ಕೆಳಗೆ ಕೂತ ಒಬ್ಬ ಮನುಷ್ಯನ ಮಾತು ಭಿಕ್ಷುಗಳ ಒಂದು ದೊಡ್ಡ ಸಂಘವಾಗಿ ಬೆಳೆದದ್ದು ಆ ವರ್ಷಗಳಲ್ಲೇ. ನಿಮ್ಮ ತಲೆಬರಹದಲ್ಲಿ ‘ಬೆಳವಣಿಗೆ’ ಇದೆ, ಲೇಖನದಲ್ಲಿ ಇಲ್ಲ. ನನ್ನ ದೊಡ್ಡ ತಕರಾರು ಇದೇ.

ಮೊದಲು ಆ ನಡುರಾತ್ರಿಯ ವಿಷಯ. ನೀವು ಅದನ್ನು ಚೆನ್ನಾಗಿ ಬರೆದಿದ್ದೀರಿ, ಒಪ್ಪುತ್ತೇನೆ. ಆದರೆ ಪಾಲಿ ಸುತ್ತಗಳಲ್ಲಿ, ಅಂದರೆ ಪಾಲಿ ಭಾಷೆಯಲ್ಲಿ ಉಳಿದಿರುವ ಉಪದೇಶಗಳಲ್ಲಿ, ಬುದ್ಧ ತಾನೇ ಮನೆ ಬಿಟ್ಟದ್ದನ್ನು ಹೇಳುವ ಒಂದು ಜಾಗ ಇದೆ. ಕೂದಲು ಇನ್ನೂ ಕಪ್ಪಾಗಿದ್ದ ಪ್ರಾಯದಲ್ಲಿ, ಅಪ್ಪ ಅಮ್ಮ ಕಣ್ಣೀರು ಹಾಕುತ್ತಿದ್ದರೂ ತಲೆಗೂದಲು, ಗಡ್ಡ ತೆಗೆಸಿ, ಕಾವಿ ಉಟ್ಟು ಹೊರಟೆ ಎನ್ನುತ್ತಾನೆ. ಇಲ್ಲಿ ಕುದುರೆ ಇಲ್ಲ, ಕತ್ತಲೆ ಇಲ್ಲ, ಕದ್ದು ಹೋಗುವುದೂ ಇಲ್ಲ. ಅಳುವ ಹೆತ್ತವರ ಕಣ್ಣೆದುರೇ ಹೊರಡುವುದು ಇನ್ನೂ ಕಷ್ಟ, ಅಲ್ವಾ? ನಾಲ್ಕು ದೃಶ್ಯಗಳ ಕಥೆ ಪಾಲಿ ಸುತ್ತಗಳಲ್ಲಿ ಬರುವುದು ವಿಪಸ್ಸಿ ಎಂಬ ಹಿಂದಿನ ಬುದ್ಧನ ಬದುಕಿನಲ್ಲಿ. ಗೌತಮನ ಕಥೆಗೆ ಅದು ಆಮೇಲೆ ಸೇರಿಕೊಂಡಿತು. ಕಥೆಯನ್ನು ತೆಗೆದು ಹಾಕಿ ಎನ್ನುತ್ತಿಲ್ಲ. ಯಾವುದು ಹಳೆಯದು, ಯಾವುದು ಆಮೇಲೆ ಬೆಳೆದದ್ದು ಎಂದು ಓದುಗರಿಗೆ ಹೇಳಿ. ಒಂದು ಕಥೆ ಹೀಗೆ ಬೆಳೆಯುವುದೂ ನಿಮ್ಮ ವಿಷಯದೊಳಗೇ ಬರುತ್ತದೆ.

ಬುದ್ಧನ ತಂದೆ ಶುದ್ಧೋದನನನ್ನು ನೀವು ‘ಚಕ್ರವರ್ತಿ’ ಎಂದಿದ್ದೀರಿ. ಅದು ತಪ್ಪು. ಅವನ ಕುಲವಾದ ಶಾಕ್ಯರದು ಚಿಕ್ಕ ಗಣರಾಜ್ಯ. ಮೇಲೆ ಕೋಸಲದ ರಾಜನ ಅಧಿಕಾರ ಇತ್ತು. ಮುಖಂಡರು ಸಭಾಮಂಟಪದಲ್ಲಿ ಸೇರಿ ಮಾತಾಡಿ ತೀರ್ಮಾನ ಮಾಡುತ್ತಿದ್ದರು. ಇಂಥ ರಾಜ್ಯಗಳಿಗೂ ‘ಸಂಘ’ ಎಂಬ ಹೆಸರಿತ್ತು. ಭಿಕ್ಷುಗಳ ಸಂಘದಲ್ಲೂ ಮುಖ್ಯ ವಿಷಯವನ್ನು ಸಭೆಯ ಮುಂದೆ ಮೂರು ಸಲ ಹೇಳುತ್ತಿದ್ದರು. ಯಾರೂ ಬಾಯಿ ತೆರೆಯದಿದ್ದರೆ ಒಪ್ಪಿಗೆ ಎಂದು ಅರ್ಥ. ಚಕ್ರವರ್ತಿಯ ಮಗ ಎಂದು ಬರೆದರೆ ಈ ನಂಟೇ ಕಾಣದೆ ಹೋಗುತ್ತದೆ.

ಆ ಕಾಲದ ನೆಲವೂ ನಿಮ್ಮ ಲೇಖನದಲ್ಲಿಲ್ಲ. ಗಂಗೆಯ ಬಯಲಿನಲ್ಲಿ ಭತ್ತದ ಬೆಳೆ ಹೆಚ್ಚುತ್ತಿತ್ತು, ಕಬ್ಬಿಣದ ಬಳಕೆ ಹರಡುತ್ತಿತ್ತು. ರಾಜಗೃಹ, ಶ್ರಾವಸ್ತಿ, ವೈಶಾಲಿ, ಕೌಶಾಂಬಿಗಳಂಥ ಪಟ್ಟಣಗಳು ಬೆಳೆಯುತ್ತಿದ್ದವು. ಮುದ್ರೆ ಒತ್ತಿದ ಬೆಳ್ಳಿ ನಾಣ್ಯ ಕೈಯಿಂದ ಕೈಗೆ ಓಡಾಡುತ್ತಿತ್ತು. ಜೈನರು, ಆಜೀವಿಕರು, ಮನೆ ಬಿಟ್ಟು ತಿರುಗುವ ಇನ್ನೂ ಎಷ್ಟೋ ಶ್ರಮಣರು ಅದೇ ದಾರಿಗಳಲ್ಲಿ ನಡೆಯುತ್ತಿದ್ದರು. ಬುದ್ಧನ ಹಿರಿಯ ಶಿಷ್ಯರಾದ ಸಾರಿಪುತ್ತ, ಮೊಗ್ಗಲ್ಲಾನ ಇಬ್ಬರೂ ಮೊದಲು ಸಂಜಯ ಎಂಬ ಬೇರೆ ಗುರುವಿನ ಹತ್ತಿರ ಇದ್ದವರು. ಇಷ್ಟು ಹೇಳಿದರೆ ಸಾಕು, ಬುದ್ಧ ಖಾಲಿ ಬಯಲಲ್ಲಿ ಒಬ್ಬನೇ ನಿಂತ ಹಾಗೆ ಕಾಣುವುದು ತಪ್ಪುತ್ತದೆ.

ಈಗ ನನಗೆ ತುಂಬ ಇಷ್ಟವಾದ ಜಾಗಕ್ಕೆ ಬರುತ್ತೇನೆ. ಭಿಕ್ಷುಗಳ ನಡವಳಿಕೆಯ ಗ್ರಂಥವಾದ ವಿನಯಪಿಟಕವನ್ನು ‘ಒಣ ನಿಯಮಗಳ ಸಂಗ್ರಹ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ದಯವಿಟ್ಟು ಅದನ್ನು ತೆರೆದು ನೋಡಿ. ಬುದ್ಧ ರಾಜಗೃಹದಿಂದ ದಕ್ಷಿಣದ ಬೆಟ್ಟಗಳ ಕಡೆ ಹೊರಟಿದ್ದಾನೆ. ದಾರಿಯಲ್ಲಿ ಮಗಧದ ಗದ್ದೆಗಳು. ಚೌಕ ಚೌಕ ಮಡಿಗಳು, ನಡುವೆ ಬದುಗಳು, ಬದುವಿಗೆ ಬದು ಕೂಡುವ ಮೂಲೆಗಳು. ‘ಆನಂದ, ಇದೇ ರೀತಿ ಚೀವರ ಹೊಲಿಯಲು ಆಗುತ್ತದಾ?’ ಎಂದು ಜೊತೆಗಿದ್ದ ಶಿಷ್ಯನನ್ನು ಕೇಳುತ್ತಾನೆ. ಆನಂದ ಹೊಲಿದು ತೋರಿಸುತ್ತಾನೆ. ತುಂಡು ಬಟ್ಟೆ ಸೇರಿಸಿ ಹೊಲಿದ ಭಿಕ್ಷುಗಳ ಚೀವರದಲ್ಲಿ ಇವತ್ತಿಗೂ ಆ ಗದ್ದೆಯ ನಕ್ಷೆ ಇದೆ. ನಿಮ್ಮ ಆರು ಪುಟದ ಅರಮನೆಗಿಂತ ಈ ಒಂದು ಗದ್ದೆ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುತ್ತದೆ.

ಮಳೆಗಾಲದ ನಿಯಮವೂ ಹೀಗೇ ಬಂತು. ಮಳೆಯಲ್ಲೂ ಭಿಕ್ಷುಗಳು ತಿರುಗಾಡಿ ಹಸಿರು ತುಳಿಯುತ್ತಾರೆ, ಸಣ್ಣ ಜೀವಗಳನ್ನು ಕೊಲ್ಲುತ್ತಾರೆ, ಹಕ್ಕಿಗಳೂ ಗೂಡು ಕಟ್ಟಿ ಕೂರುತ್ತವೆ ಎಂದು ಜನ ಗೊಣಗಿದರು. ಆಗ ಮಳೆಗಾಲದಲ್ಲಿ ಒಂದೇ ಕಡೆ ನಿಲ್ಲುವ ವಸ್ಸಾವಾಸ ಶುರುವಾಯಿತು. ಒಂದು ಕಡೆ ನಿಂತ ಮೇಲೆ ಸೂರು ಬೇಕು. ಸೂರು ಬೇಕೆಂದರೆ ಕೊಡುವವರು ಬೇಕು. ಶ್ರಾವಸ್ತಿಯ ವರ್ತಕ ಅನಾಥಪಿಂಡಿಕ ಬರುವುದು ಇಲ್ಲಿ. ಜೇತ ರಾಜಕುಮಾರನ ತೋಟದ ನೆಲಕ್ಕೆಲ್ಲ ನಾಣ್ಯ ಹಾಸಿ ಅದನ್ನು ಕೊಂಡ ಕಥೆ ನಿಮಗೆ ಗೊತ್ತಿರಬೇಕು. ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿರುವ ಭಾರ್ಹುತ್ ಸ್ತೂಪದ ಕಟಾಂಜನದ ಮೇಲೆ ಆ ದೃಶ್ಯ ಇದೆ. ನೊಗ ಬಿಚ್ಚಿದ ಎತ್ತುಗಳು, ನೆಲದ ಮೇಲೆ ಜೋಡಿಸಿದ ಚೌಕ ನಾಣ್ಯಗಳು, ನಡುವೆ ಧಾರೆ ಎರೆಯಲು ನೀರಿನ ಪಾತ್ರೆ ಹಿಡಿದ ವರ್ತಕ. ಬುದ್ಧನ ರೂಪ ಮಾತ್ರ ಇಲ್ಲ. ಆ ಕಾಲದ ಶಿಲ್ಪಗಳಲ್ಲಿ ಅವನಿದ್ದಾನೆಂದು ತಿಳಿಸಲು ಮರ, ಖಾಲಿ ಪೀಠ, ಪಾದದ ಗುರುತು, ಚಕ್ರ ಕೆತ್ತುತ್ತಿದ್ದರು.

‘ಸಂಘದ ಬಾಗಿಲು ಎಲ್ಲರಿಗೂ ತೆರೆದಿತ್ತು’ ಎಂದು ಬರೆದಿದ್ದೀರಿ. ಅರ್ಧ ನಿಜ. ಶಾಕ್ಯ ತರುಣರು ತಮ್ಮ ಹಮ್ಮು ಇಳಿಯಲೆಂದು ಕ್ಷೌರಿಕ ಉಪಾಲಿಗೆ ಮೊದಲು ದೀಕ್ಷೆ ಕೊಡಿಸಿ, ಆಮೇಲೆ ತಾವು ಪಡೆದರು. ಹಿರಿಯನಾದ ಅವನಿಗೆ ಅವರೇ ಕೈಮುಗಿಯಬೇಕಾಯಿತು. ಇದನ್ನು ಖಂಡಿತ ಬರೆಯಿರಿ. ಅದೇ ವಿನಯದಲ್ಲಿ ಸಾಲಗಾರರಿಗೆ, ದಾಸರಿಗೆ, ರಾಜನ ಸೈನಿಕರಿಗೆ ದೀಕ್ಷೆ ಕೊಡಬಾರದು ಎಂದೂ ಇದೆ. ಅದನ್ನೂ ಬರೆಯಿರಿ. ಬುದ್ಧನ ಮೇಲಿನ ಗೌರವಕ್ಕೆ ಇದರಿಂದ ಕುಂದು ಬರುವುದಿಲ್ಲ. ರಾಜರು, ಸಾಹುಕಾರರು, ಯಜಮಾನರು ಇರುವ ಊರುಗಳ ನಡುವೆ ಭಿಕ್ಷೆ ಎತ್ತಿ ಬದುಕಬೇಕಾದ ಒಂದು ಗುಂಪು ಎಷ್ಟು ದೂರ ಹೋಗಲು ಆಯಿತು ಎಂಬುದು ಅದರಿಂದಲೇ ತಿಳಿಯುತ್ತದೆ.

ಹೆಂಗಸರ ವಿಷಯ. ನಿಮ್ಮ ಲೇಖನದಲ್ಲಿರುವ ಒಬ್ಬಳೇ ಹೆಂಗಸು ನಿದ್ದೆಯಲ್ಲಿದ್ದಾಳೆ. ಭಿಕ್ಷುಣಿಯರ ಹಾಡುಗಳ ಸಂಗ್ರಹವಾದ ಥೇರೀಗಾಥೆಯಲ್ಲಿ ಮುತ್ತಾ ಎಂಬ ಭಿಕ್ಷುಣಿ, ಒರಳು, ಒನಕೆ, ಗೂನು ಗಂಡ ಈ ಮೂರರಿಂದಲೂ ಬಿಡುಗಡೆಯಾಯಿತು ಎಂದು ಹಾಡುತ್ತಾಳೆ. ಅವಳಿಗೂ ಒಂದು ಪ್ಯಾರಾ ಕೊಡಿ.

‘ಬುದ್ಧ ಪಾಲಿಯಲ್ಲಿ ಗ್ರಂಥ ಬರೆದ’ ಎಂಬ ಸಾಲು ಹೊಡೆದುಹಾಕಿದ್ದೇನೆ. ಅವನು ಏನೂ ಬರೆಯಲಿಲ್ಲ. ಭಿಕ್ಷುಗಳು ಕೂಡಿ ಬಾಯಿಪಾಠ ಮಾಡಿ ತಲೆಮಾರುಗಳ ಕಾಲ ಉಳಿಸಿದರು. ಸುತ್ತಗಳಲ್ಲಿ ಅದೇ ಮಾತು ಮತ್ತೆ ಮತ್ತೆ ಬರುವುದು ನಿಮಗೆ ಬೇಸರ ತರಿಸಿತು ಎಂದಿದ್ದೀರಿ. ಗಟ್ಟಿಯಾಗಿ ಹೇಳಿ ನೋಡಿ, ನೆನಪಿಗೆ ಅದು ಹಿಡಿಕೆ ಎಂದು ಗೊತ್ತಾಗುತ್ತದೆ. ಸಿಂಹಳದ ಪರಂಪರೆ ಹೇಳುವಂತೆ ಸುತ್ತ, ವಿನಯ ಎಲ್ಲ ಸೇರಿದ ಪಾಲಿ ತಿಪಿಟಕವನ್ನು ಬರವಣಿಗೆಗೆ ಇಳಿಸಿದ್ದು ಕ್ರಿ.ಪೂ. 1ನೇ ಶತಮಾನದಲ್ಲಿ, ಶ್ರೀಲಂಕಾದಲ್ಲಿ.

ವೈಶಾಲಿಯ ಜಗಳವನ್ನೂ ಬಿಡಬೇಡಿ. ಬುದ್ಧ ತೀರಿಕೊಂಡು ಸುಮಾರು ನೂರು ವರ್ಷಕ್ಕೆ, ಅಲ್ಲಿನ ಭಿಕ್ಷುಗಳು ಉಪೋಸಥದ (ಹುಣ್ಣಿಮೆ, ಅಮಾವಾಸ್ಯೆಯಂಥ ವ್ರತದ) ದಿನ ಕಂಚಿನ ಪಾತ್ರೆಯಲ್ಲಿ ನೀರು ತುಂಬಿಟ್ಟು, ಸಂಘಕ್ಕೆ ಕಾಸು ಹಾಕಿ ಎಂದು ಜನರನ್ನು ಕೇಳುತ್ತಿದ್ದರು. ಯಸ ಎಂಬ ಭಿಕ್ಷು ಕೊಡಬೇಡಿ ಎಂದ. ತನ್ನ ಪಾಲಿಗೆ ಬಂದ ದುಡ್ಡನ್ನೂ ಮುಟ್ಟಲಿಲ್ಲ. ಜಗಳ ಅಲ್ಲಿಂದ ಎರಡನೇ ಸಂಗೀತಿಯವರೆಗೆ, ಅಂದರೆ ಭಿಕ್ಷುಗಳ ಎರಡನೇ ಮಹಾಸಭೆಯವರೆಗೆ, ಹೋಯಿತು. ಸಂಘದ ಮೊದಲ ದೊಡ್ಡ ಒಡಕಿನ ಮಾತು ಇದರ ಬೆನ್ನಿಗೇ ಬರುತ್ತದೆ.

ಕೊನೆಗೆ ಅಶೋಕ. ಕಳಿಂಗದ ರಕ್ತ ನೋಡಿ ಅವನು ಅದೇ ದಿನ ಬೌದ್ಧನಾದ ಎಂದಿದ್ದೀರಿ. ನೀವು ಚಿತ್ರದುರ್ಗ ಜಿಲ್ಲೆಯವರು. ನಿಮ್ಮ ಜಿಲ್ಲೆಯ ಬಂಡೆಯೇ ಬೇರೆ ಮಾತು ಹೇಳುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಶಾಸನದಲ್ಲಿ ಅವನು, ಉಪಾಸಕನಾಗಿ (ಬುದ್ಧನ ಗೃಹಸ್ಥ ಅನುಯಾಯಿಯಾಗಿ) ಎರಡೂವರೆ ವರ್ಷ ಮೀರಿತು, ಮೊದಲ ಒಂದು ವರ್ಷ ಅಷ್ಟಾಗಿ ಶ್ರಮ ಪಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಕಳೆದ ಒಂದು ವರ್ಷದಿಂದ ಚೆನ್ನಾಗಿ ಶ್ರಮಿಸುತ್ತಿದ್ದೇನೆ ಎಂದು ಕೆತ್ತಿಸಿದ್ದಾನೆ. ಒಬ್ಬ ಸಾಮ್ರಾಟ ತಾನು ಒಂದು ವರ್ಷ ಸಡಿಲವಾಗಿದ್ದೆ ಎಂದು ಕಲ್ಲಿನ ಮೇಲೆ ಬರೆಸಿದ. ಈ ಮಾತು ನಿಮ್ಮ ಊರಿನ ಹತ್ತಿರ ಇಟ್ಟುಕೊಂಡು ನೀವು ಪಠ್ಯಪುಸ್ತಕದ ಸಾಲು ಬರೆಯಬೇಕಾಗಿಲ್ಲ.

ಒಂದು ಭಾನುವಾರ ಬ್ರಹ್ಮಗಿರಿಗೆ ಹೋಗಿ ಬನ್ನಿ. ಅರಮನೆಯನ್ನು ಒಂದು ಪುಟಕ್ಕೆ ಇಳಿಸಿ. ಗದ್ದೆ, ಮಳೆಗಾಲ, ಜೇತವನ, ವೈಶಾಲಿಗೆ ಜಾಗ ಮಾಡಿ. ಅಶೋಕ ಒಂದೂವರೆ ಪುಟ ಸಾಕು. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ. ಹಳೆಯ ಪ್ರತಿಯನ್ನು, ಅಂಚಿನಲ್ಲಿ ಪೆನ್ಸಿಲ್ ಗುರುತುಗಳ ಜೊತೆ, ಇದರೊಂದಿಗೆ ಇಟ್ಟಿದ್ದೇನೆ.

ಇತಿ,
ಸಂಪಾದಕ