ಸಿನಿಮಾ, ಸುದ್ದಿಗಳಲ್ಲಿ ಹಿಂಸೆ ನೋಡಿ ನೋಡಿ ಮನಸ್ಸು ಜಡ್ಡುಗಟ್ಟುತ್ತದೆಯೇ?

ಹೌದು. ಗುದ್ದಲಿ ಹಿಡಿದ ಮೊದಲ ದಿನ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ತಿಂಗಳಾದ ಮೇಲೆ ನೋವೇ ಗೊತ್ತಾಗುವುದಿಲ್ಲ, ಅಲ್ವಾ? ಮನಸ್ಸೂ ಹಾಗೇ. ರಕ್ತ ಕಂಡಾಗ ಎದೆ ಹೊಡೆದುಕೊಳ್ಳುವುದು, ಕೈ ಬೆವರುವುದು ದೇಹ ಕೊಡುವ ಎಚ್ಚರಿಕೆ. ಅಂಥ ದೃಶ್ಯ ಮತ್ತೆ ಮತ್ತೆ ಬಂದು ನಮಗೇನೂ ಆಗದಿದ್ದರೆ ಮಿದುಳು ಆ ಎಚ್ಚರಿಕೆಯನ್ನೇ ತಗ್ಗಿಸುತ್ತದೆ.

2007ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಹೊಡೆದಾಟದ ವಿಡಿಯೊ ಗೇಮ್, ಉಳಿದವರಿಗೆ ಸಾದಾ ಗೇಮ್. ಆಮೇಲೆ ಎಲ್ಲರಿಗೂ ನಿಜವಾದ ಹಿಂಸೆಯ ದೃಶ್ಯ ತೋರಿಸಿದರು. ಹೊಡೆದಾಟದ ಗೇಮ್ ಆಡಿದವರ ಎದೆಬಡಿತ, ಬೆವರು ಎರಡೂ ಕಡಿಮೆ ಇತ್ತು. ಆಡಿದ್ದು ಬರೀ 20 ನಿಮಿಷ!

1974ರ ಇನ್ನೊಂದು ಪ್ರಯೋಗ ನನ್ನನ್ನು ಜಾಸ್ತಿ ಕಾಡುತ್ತದೆ. ಹೊಡೆದಾಟದ ಚಿತ್ರ ನೋಡಿದ ಶಾಲಾ ಮಕ್ಕಳಿಗೆ, ಪುಟ್ಟ ಮಕ್ಕಳನ್ನು ನೋಡಿಕೊಳ್ಳಿ ಎಂದು ಹೇಳಿದ್ದರು. ಆ ಪುಟ್ಟವರು ಕಿತ್ತಾಡುವಾಗ ಇವರು ದೊಡ್ಡವರನ್ನು ಕರೆಯಲು ತಡ ಮಾಡಿದರು. ಚಿತ್ರ ನೋಡದ ಮಕ್ಕಳು ಬೇಗ ಕರೆದರು.

ಹಾಗಂತ ನೋಡಿದವರೆಲ್ಲ ಬೇರೆಯವರ ಮೇಲೆ ಕೈ ಎತ್ತುತ್ತಾರೆ ಎಂದಲ್ಲ. ಆ ವಿಷಯದಲ್ಲಿ ಸಂಶೋಧಕರಲ್ಲೇ ಒಮ್ಮತವಿಲ್ಲ.

ನನಗೆ ಸಿನಿಮಾಕ್ಕಿಂತ ವಾಟ್ಸಾಪ್ ಬಗ್ಗೆ ಭಯ. ಅಪಘಾತದ ಸಿಸಿಟಿವಿ ವಿಡಿಯೊ ಊಟದ ಹೊತ್ತಿಗೇ ಬರುತ್ತದೆ. ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಸಾಯುತ್ತಿರುವ ಮನುಷ್ಯ. ಅವರೂ ಯಾರದೋ ಮನೆಯವರು. ಗ್ರೂಪ್‌ಗಳಲ್ಲಿ ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಾನು ನಿಲ್ಲಿಸಿದ್ದೇನೆ. ಸೆಟ್ಟಿಂಗ್ಸ್‌ನಲ್ಲಿ ಒಂದು ನಿಮಿಷದ ಕೆಲಸ, ನೀವೂ ಮಾಡಿ.