ಯಾರೂ ಕೇಳದ ಕೆಲಸಗಳ ಪಟ್ಟಿ

ಸಂಬಳವಿಲ್ಲದ ಕೆಲಸಕ್ಕಾಗಿ ನಿದ್ದೆ ಕೆಡಿಸಿಕೊಳ್ಳುವವರು ಈಚೆಗೆ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಜಾಸ್ತಿ ಬರುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅವರಲ್ಲೊಬ್ಬರು ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್. ಕಾಲೇಜು ದಿನಗಳಿಂದ ತಮ್ಮ ಕಂಪ್ಯೂಟರನ್ನು 'ಸೆಟಿ ಅಟ್ ಹೋಮ್'ಗೆ, ಅಂದರೆ ಅನ್ಯಗ್ರಹ ಜೀವಿಗಳ ಸಂಕೇತ ಹುಡುಕಲು ಜನರ ಕಂಪ್ಯೂಟರ್‌ಗಳಿಗೆ ಲೆಕ್ಕ ಹಂಚುತ್ತಿದ್ದ ಯೋಜನೆಗೆ, ಬಿಟ್ಟುಕೊಟ್ಟವರು. 2020ರ ಮಾರ್ಚ್‌ನಲ್ಲಿ ಅದು ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿದಾಗ ಬೇರೆ ಯೋಜನೆಗಳಿಗೆ ಹೋದರು. ಯಾರ ಕಂಪ್ಯೂಟರ್ ಇಂಥ ಲೆಕ್ಕಗಳಿಗೆ ಎಷ್ಟು ವೇಗ ಎಂದು ಅಳೆಯುವ ಬೆಂಚ್‌ಮಾರ್ಕ್ ಟೂಲ್ ಒಂದನ್ನು ಬರೆದರು. ಅದನ್ನು ಸುಧಾರಿಸಲು ನಾಲ್ಕು ತಿಂಗಳಿಂದ ಯೋಜನೆ ಹಾಕುತ್ತಿದ್ದರು. ಕೋಡ್ ಒಂದು ಸಾಲೂ ಆಗಿರಲಿಲ್ಲ.

ಎರಡನೇ ಭೇಟಿಗೆ ಪಟ್ಟಿಯನ್ನೇ ತಂದರು. ಐದು ಹಾಳೆ, 43 ಅಂಶ.

"ಈ ಯೋಜನೆಗಳ ಕೆಲಸ ಹಂಚೋ ಸಾಫ್ಟ್‌ವೇರ್ ಇದೆಯಲ್ಲ, ಬೋಯಿಂಕ್, ಅದು ಪ್ರೊಸೆಸರ್ ಅಳೆಯೋದು ವೆಟ್‌ಸ್ಟೋನ್, ಡ್ರೈಸ್ಟೋನ್‌ನಲ್ಲಿ ಮೇಡಂ. ಒಂದು 1972ರದ್ದು, ಇನ್ನೊಂದು 1984ರದ್ದು. ಪುಟ್ಟ ಟೆಸ್ಟ್‌ಗಳು, ಪ್ರೊಸೆಸರ್ ಒಳಗಿನ ಚಿಕ್ಕ ಮೆಮೊರಿ, ಕ್ಯಾಷ್ ಅಂತಾರಲ್ಲ, ಅದರಲ್ಲೇ ಮುಗಿದುಹೋಗ್ತವೆ. ನಿಜವಾದ ಲೆಕ್ಕ ಮುಖ್ಯ ಮೆಮೊರಿಗೆ ಹೋಗಿ ಬರುತ್ತೆ. ಲ್ಯಾಪ್‌ಟಾಪ್ ಬಿಸಿಯಾದ್ರೆ ವೇಗ ಇಳಿಸುತ್ತೆ. ಸ್ವಲ್ಪ ಹೊತ್ತಿನ ಟೆಸ್ಟ್‌ಗೆ ಅದು ಹೇಗೆ ಗೊತ್ತಾಗ್ಬೇಕು?"

ಹೇಳುವಾಗ ಮುಖ ಅರಳಿತ್ತು. ನಾನು ಪೆನ್ಸಿಲ್ ಕೊಟ್ಟೆ. "ಬಳಸುವವರು ಕೇಳಿದ ಅಂಶಕ್ಕೆ ಮಾತ್ರ ಚುಕ್ಕಿ ಇಡಿ."

ಮೂರು ಹಾಳೆ ಚುಕ್ಕಿಯಿಲ್ಲದೆ ಮಗುಚಿದವು. ನಾಲ್ಕನೆಯದರಲ್ಲಿ ಒಂದು ಚುಕ್ಕಿ ಬಿತ್ತು. ನಿವೃತ್ತ ಶಿಕ್ಷಕಿಯೊಬ್ಬರು ಕೇಳಿದ್ದರಂತೆ: ನನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟ ಕೆಲಸವನ್ನು ಗಡುವಿನೊಳಗೆ ಮುಗಿಸುತ್ತಾ, ಇಲ್ಲಾ ಸುಮ್ನೆ ಕರೆಂಟ್ ದಂಡವಾ?

"ಉಳಿದವು?"

ತುಂಬಾ ಹೊತ್ತು ಸುಮ್ಮನಿದ್ದರು. "ಯಾರೂ ಕೇಳಿಲ್ಲ ಮೇಡಂ. ಬೈಯೋ ಮೊದ್ಲೇ ಮಾಡಿಟ್ಟುಬಿಡೋಣ ಅಂತ."

ಆ ಭಯದ ಬೇರು ಎಲ್ಲಿತ್ತು ಎನ್ನುವುದು ಅವರ ಖಾಸಗಿ ವಿಷಯ. ಇಲ್ಲಿ ಬರೆಯುವುದಿಲ್ಲ.

ನಾನು ಹೇಳಿದ್ದು ಇಷ್ಟು: ಆ ಶಿಕ್ಷಕಿಯ ಪ್ರಶ್ನೆಗೆ ಉತ್ತರ ಕೊಡುವಷ್ಟು ಮಾತ್ರ ಮಾಡಿ, ಬಿಡುಗಡೆ ಮಾಡಿ. ಪಟ್ಟಿ ನನ್ನ ಡ್ರಾಯರ್‌ನಲ್ಲಿರಲಿ. ಯಾರಾದರೂ ಬೈದರೆ ಒಬ್ಬರೇ ಓದಬೇಡಿ, ಇಲ್ಲಿಗೆ ತನ್ನಿ.

ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, "ಇದು ಮ್ಯಾನೇಜರ್ ಮಾಡೋ ಕೆಲಸ ಅಲ್ವಾ?" ಎಂದರು. ನಾನು ಒಪ್ಪಲಿಲ್ಲ. ಟೂಲ್ ಬಿಟ್ಟುಬಿಡಿ ಎಂದು ಮನೆಯವರು ಆಗಲೇ ಹೇಳಿದ್ದರು. ಆದರೆ ಈ ಎಂಜಿನಿಯರ್ ಖುಷಿಯಿಂದ ಮಾತಾಡಿದ್ದು ಅದೊಂದರ ಬಗ್ಗೆಯೇ. ಭಯ ಕೀಳಲು ಹೋಗಿ ಪ್ರೀತಿಯನ್ನೂ ಕಿತ್ತರೆ ಆ ಮನುಷ್ಯನಿಗೆ ಏನು ಉಳಿಯುತ್ತೆ? ಬೈಗುಳ ತಪ್ಪಿಸಲು ಹಾಕಿದ ಯೋಜನೆಗೆ ಕೊನೆಯೇ ಇರುವುದಿಲ್ಲ. ಒಬ್ಬರ ಪ್ರಶ್ನೆಗೆ ಮಾಡುವ ಕೆಲಸ ಒಂದು ದಿನ ಮುಗಿಯುತ್ತದೆ. ನಿಮ್ಮ ಹತ್ತಿರವೂ ಇಂಥ ಪಟ್ಟಿ ಇದ್ದರೆ ದಯವಿಟ್ಟು ಪೆನ್ಸಿಲ್ ಹಿಡಿದು ಕೂತು ನೋಡಿ. ವಾರಗಟ್ಟಲೆ ನಿದ್ದೆ ಕೆಟ್ಟಿದ್ದರೆ ಕಾಯಬೇಡಿ, ಯಾರನ್ನಾದರೂ ಕಾಣಿ.

ಆರು ವಾರದ ಮೇಲೆ ಹೊಸ ಆವೃತ್ತಿ ಹೊರಬಂತು. ಸ್ವಲ್ಪ ದಿನಕ್ಕೆ ದೂರೂ ಬಂತು. ಪ್ರಿಂಟ್ ತೆಗೆಸಿ ತಂದಿದ್ದರು. ಮೂರೇ ಸಾಲು. ಗ್ರಾಫಿಕ್ಸ್ ಕಾರ್ಡ್ ಯಾಕೆ ಅಳೆಯುವುದಿಲ್ಲ ಎಂದು ಯಾರೋ ರೇಗಿದ್ದರು. ಇಬ್ಬರೂ ಎರಡು ಸಲ ಓದಿದೆವು.

"ಇಷ್ಟೇನಾ?" ಎಂದರು. ಆಮೇಲೆ ಡ್ರಾಯರ್‌ನಿಂದ ಪಟ್ಟಿ ತೆಗೆಸಿ, ಎರಡನೇ ಹಾಳೆಯಲ್ಲಿ ಒಂದು ಚುಕ್ಕಿ ಇಟ್ಟರು.